ನಾಲ್ಕನೆಯ ತಂತಿ

ಮೂರೋ, ನಾಲ್ಕೋ?

ನಾಲ್ಕೇ. ನಾಲ್ಕು ತಂತಿಯ ಕಟ್ಟು ಅಂಗೈಗೆ ಎಷ್ಟು ದಪ್ಪ ಬರುತ್ತದೆಂದು ವೈರ್‌ಮನ್‌ಗೆ ಗೊತ್ತು. ಮೂವತ್ತೊಂದು ವರ್ಷದ ಹಿಂದೆ ಈ ಗೋಡೆಯ ಪೈಪಿಗೆ ತಳ್ಳಿದ್ದು ಆ ದಪ್ಪದ ಕಟ್ಟನ್ನೇ. ಆದರೆ ತಳ್ಳಿದ್ದು ಆ ತುದಿಯಲ್ಲಿ, ಮನೆಯ ಮುಂಭಾಗದ ಮೇನ್ ಬೋರ್ಡಿನ ಹತ್ತಿರ ನಿಂತು. ಈ ತುದಿಯಲ್ಲಿ ಎಷ್ಟು ಹೊರಬಂದವೆಂದು ನೋಡಿದ್ದನೇ? ನೋಡಿದ ನೆನಪಿಲ್ಲ. ಅಥವಾ ಅವತ್ತು ಕಟ್ಟಿನಲ್ಲೇ ಮೂರಿದ್ದವೇ? ನನ್ನ ಮನೆಯಲ್ಲಿ ದೊಡ್ಡ ಸಾಕೆಟ್ಟಿಗೆಲ್ಲ ನಾಲ್ಕು ತಂತಿ ಎಂದು ಇಷ್ಟು ವರ್ಷ ಕಂಡಕಂಡವರ ಹತ್ತಿರ ಹೇಳಿಕೊಂಡು ಬಂದ ಬಾಯಿ, ಹೇಳಿ ಹೇಳಿಯೇ ಮೂರನ್ನು ನಾಲ್ಕು ಮಾಡಿಕೊಂಡಿತೇ?

ಕಣ್ಣೆದುರಿಗೆ ಇದ್ದದ್ದು ಮೂರು. ಹಿಂದಿನ ಕೋಣೆಯ ಗೋಡೆಯಲ್ಲಿ ಸಾಕೆಟ್ಟಿನ ಮುಚ್ಚಳ ಬಿಚ್ಚಿ ನೇತಾಡುತ್ತಿತ್ತು. ಅದರ ಹಿಂದಿನ ಕಬ್ಬಿಣದ ಡಬ್ಬಿಯಿಂದ ಮೂರು ತಂತಿಗಳು ಹೊರಗೆ ಇಣುಕುತ್ತಿದ್ದವು. ಅವನು ಟಾರ್ಚು ಹಿಡಿದು ಮತ್ತೆ ಬಗ್ಗಿದ.

"ಮಾವ, ಎಷ್ಟು ಸಲ ಎಣಿಸ್ತೀರ? ಎಣಿಸಿದ್ರೆ ಮರಿ ಹಾಕುತ್ತಾ?" ಎಂದಳು ಸೊಸೆ.

ಅವಳ ಹಿಂದೆ ಬಟ್ಟೆ ಒಣಗಿಸುವ ಮಶೀನು ನಿಂತಿತ್ತು. ಸೊಂಟದೆತ್ತರದ ಬಿಳಿ ಪೆಟ್ಟಿಗೆ, ಹೊಟ್ಟೆಯ ಮೇಲೆ ದುಂಡನೆಯ ಗಾಜಿನ ಬಾಗಿಲು. ಬೆಳಿಗ್ಗೆ ಇಬ್ಬರು ಹೊತ್ತು ತಂದು ಇಳಿಸಿ ಹೋಗಿದ್ದರು. ಅದರ ಬೆನ್ನಿನಿಂದ ಬೆರಳಿನಷ್ಟು ದಪ್ಪದ ವೈರು ಬಂದಿತ್ತು; ವೈರಿನ ತುದಿಯ ಪ್ಲಗ್ಗಿಗೆ ನಾಲ್ಕು ಕಾಲು. ಗೋಡೆಯ ಸಾಕೆಟ್ಟಿಗೆ ಮೂರು ತೂತು.

"ತಾತ, ಒಂದು ಕಾಲು ಮುರಿದುಬಿಟ್ರೆ?" ಎಂದಳು ಮೊಮ್ಮಗಳು ಚೂಟಿ.

"ನಿಂದು ಮುರೀತೀನಿ, ಆಚೆ ಹೋಗು."

"ಮಗು ಮೇಲೆ ಯಾಕೆ ಕೂಗ್ತೀರ? ತೂತು ಮೂರು ಇಟ್ಟಿದ್ದು ಅವಳಾ?"

"ಆಗ ಅಂಗಡೀಲಿ ಸಿಗ್ತಿದ್ದದ್ದೇ ಮೂರು ತೂತಿನದ್ದಮ್ಮ. ಮುಂದೆ ಬೇಕಾಗುತ್ತೆ ಅಂತ ನಾನು ತಂತಿ ಮಾತ್ರ ನಾಲ್ಕು ಎಳೆದಿದ್ದೆ. ಎರಡು ಕರೆಂಟು ತರೋವು, ಒಂದು ಅದು ವಾಪಸ್ ಹೋಗೋ ನ್ಯೂಟ್ರಲ್, ನಾಲ್ಕನೇದು ಮಶೀನಿನ ಮೈಗೆ ಬಂದ ಕರೆಂಟನ್ನ ನೆಲಕ್ಕಿಳಿಸೋ ಅರ್ಥಿಂಗ್. ಈಗ ಸಾಕೆಟ್ಟು ಬದಲಾಯಿಸಿದ್ರೆ ಆಯ್ತು, ಹತ್ತು ನಿಮಿಷದ ಕೆಲಸ."

"ಆ ನಾಲ್ಕನೇದು ಎಲ್ಲಿ?"

ಅವನು ಟಾರ್ಚನ್ನು ಡಬ್ಬಿಯ ಮೂಲೆಗೆ ತಿರುಗಿಸಿದ.

ಸೊಸೆಗೆ ಪುರುಸೊತ್ತಿರಲಿಲ್ಲ. ಮುಖ್ಯರಸ್ತೆಯ ಹೆರಿಗೆ ಆಸ್ಪತ್ರೆಯಲ್ಲಿ ಎಂಟು ವರ್ಷ ಆಯಾ ಆಗಿದ್ದು, ಹೋದ ತಿಂಗಳು ಕೆಲಸ ಬಿಟ್ಟು, ಅದೇ ಆಸ್ಪತ್ರೆಯ ಶೀಟುಗಳನ್ನು ಒಗೆದು ಕೊಡುವ ಗುತ್ತಿಗೆ ಹಿಡಿದಿದ್ದಳು. ದಿನಕ್ಕೆ ನಲವತ್ತು ಶೀಟು. ಸಂಜೆ ಬರುತ್ತವೆ, ಮರುದಿನ ಸಂಜೆಗೆ ಒಣಗಿ, ಮಡಚಿ ಹೋಗಬೇಕು. ಮಂಜಿನ ಕಾಲ. ಹೊರಗೆ ಹಾಕಿದ ಬಟ್ಟೆ ಮೂರು ದಿನಕ್ಕೂ ಒಣಗುತ್ತಿರಲಿಲ್ಲ.

ಸಂಜೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಮಗ ಚಪ್ಪಲಿಯನ್ನೂ ಬಿಡದೆ ಕೋಣೆಗೆ ಬಂದು ನೋಡಿದ.

"ಏನಪ್ಪ, ಊರಿಗೆಲ್ಲ ವೈರ್ ಎಳೆದವರು. ನಮ್ಮನೆ ಗೋಡೇಲೇ ಒಂದು ಕಮ್ಮಿ ಮಾಡಿದ್ರಾ?"

"ಕಮ್ಮಿ ಮಾಡಿಲ್ಲ ಕಣೋ."

"ಹಾಗಾದ್ರೆ ಇಲಿ ತಿಂತೇನೋ!"

ಮರುದಿನ ಮೀಟರ್ ಬಂದ. ಎಲ್ಲವನ್ನೂ ಮೀಟರು ಹಿಡಿದು ನೋಡದೆ ನಂಬುವುದಿಲ್ಲವೆಂದು ಅವನಿಗೆ ಆ ಹೆಸರು. ಒಂದು ಕಾಲದಲ್ಲಿ ವೈರ್‌ಮನ್‌ನ ಹತ್ತಿರವೇ ಕೆಲಸ ಕಲಿತವನು. ಈಗ ನಲವತ್ತು ದಾಟಿದೆ, ಲೈಸೆನ್ಸಿದೆ, ಮೂರು ಜನ ಕೈಕೆಳಗಿದ್ದಾರೆ. ಅವನು ಮೊದಲು ಅಡುಗೆಮನೆಯ ಒಲೆಯ ಸಾಕೆಟ್ಟು ಬಿಚ್ಚಿದ. ಅಲ್ಲಿ ನಾಲ್ಕು ತಂತಿ ಇದ್ದವು. ನಾಲ್ಕನೆಯದು ಡಬ್ಬಿಯೊಳಗೆ ಮಡಚಿ ಕೂತಿತ್ತು. ವೈರ್‌ಮನ್ ಮಗನ ಮುಖ ನೋಡಿದ.

"ಇಲ್ಲಿ ಸರಿ ಇದೆ ಮೇಸ್ತ್ರಿ. ಅಲ್ಲಿ ಇಲ್ಲ" ಎಂದ ಮೀಟರ್.

"ಎರಡಕ್ಕೂ ಒಂದೇ ವಾರದಲ್ಲಿ ಎಳೆದದ್ದು."

"ತಂತಿ ಸಾಲದೆ ಬಂದಿರುತ್ತೆ. ಯಾರಿಗಾದ್ರೂ ಆಗೋದೇ."

"ನನಗೆ ಆಗಲ್ಲ."

ಮೀಟರ್ ಮೇನ್ ಬೋರ್ಡಿನ ಮುಚ್ಚಳವನ್ನೂ ತೆಗೆದ. ಹತ್ತು ವರ್ಷದ ಹಿಂದೆ ವಿದ್ಯುತ್ ಕಚೇರಿಯವರು ಬಂದು ಬೋರ್ಡು ಬದಲಾಯಿಸಿದಾಗ ಮನೆಯ ಅರ್ಥಿಂಗ್ ತಂತಿಗಳನ್ನೆಲ್ಲ ಜಡೆಯಂತೆ ಹೊಸೆದು ಒಂದೇ ಪಟ್ಟಿಗೆ ಬಿಗಿದಿದ್ದರು. ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳುವಂತಿರಲಿಲ್ಲ.

"ಇದೆ ಅಂದ್ಕೊಂಡ್ರೂ ಆ ಕಡೆ ತುದಿ ಕಾಣ್ಬೇಕಲ್ಲ ಮೇಸ್ತ್ರಿ. ಕಾಣದ್ದಕ್ಕೆ ನಾನು ಸೈನ್ ಹಾಕಲ್ಲ."

"ಹಾಗಾದ್ರೆ ದಾರಿ ಏನು?" ಸೊಸೆ ಕೇಳಿದಳು.

"ಎರಡಿವೆ ಅಕ್ಕ. ಬೋರ್ಡಿನಿಂದ ಹೊಸ ಕೇಬಲ್ಲು ಎಳೆಯೋದು, ಮೂರು ಕೋಣೆ ದಾಟಿ. ಮಶೀನಿನ ಅರ್ಧ ಬೆಲೆ ಅದಕ್ಕೇ ಆಗುತ್ತೆ, ಮುಂದಿನ ತಿಂಗಳ ತನಕ ನನಗೆ ಕೈಬಿಡುವಿಲ್ಲ. ಇಲ್ಲಾಂದ್ರೆ ಗೋಡೆ ಹಾಗೇ ಇರಲಿ, ಮಶೀನಿನ ವೈರೇ ಬದಲಾಯಿಸೋದು. ಮೂರು ಕಾಲಿಂದು ಅಂಗಡೀಲಿ ಸಿಗುತ್ತೆ. ಮಶೀನಿನ ಬೆನ್ನಲ್ಲಿ ಒಂದು ಸಣ್ಣ ತಾಮ್ರದ ಪಟ್ಟಿ ಹಾಕಿ ನ್ಯೂಟ್ರಲ್ಲನ್ನ ಅದರ ಮೈಗೆ ಸೇರಿಸಬೇಕು. ಹಳೇ ಮನೆಗಳಲ್ಲಿ ಎಲ್ಲರೂ ಹಂಗೇ ಓಡಿಸ್ತಿದ್ದಾರೆ."

"ಅದನ್ನೇ ಮಾಡಿ."

"ಬೇಡ" ಎಂದ ವೈರ್‌ಮನ್. "ನನ್ನ ಮನೇಲಿ ಅದು ಬೇಡ. ಆ ನ್ಯೂಟ್ರಲ್ ಎಲ್ಲಾದ್ರೂ ಸಡಿಲ ಆಯ್ತು ಅಂದ್ರೆ ಮಶೀನಿನ ಮೈಯೆಲ್ಲ ಕರೆಂಟು. ಹೆಣ ಬೀಳುತ್ತೆ."

"ಯಾರ ಹೆಣ? ಅದರ ಮುಂದೆ ನಿಲ್ಲೋಳು ನಾನೇ ತಾನೇ? ಬಾಯಿಗೆ ಬಂದದ್ದು ಅಂತೀರಲ್ಲ ಮಾವ!"

"ನಿನಗೆ ಅಂದಿದ್ದಲ್ಲ..."

"ನಾಲ್ಕು ಎಳೆದೆ ಅಂತೀರ, ನಾಲ್ಕು ಇಲ್ಲ. ಮೂರರಲ್ಲಿ ಮಾಡಿ ಅಂದ್ರೆ ಬೇಡ ಅಂತೀರ. ನಾನೇನು ಶೀಟನ್ನ ಬಾಯಲ್ಲಿ ಊದಿ ಒಣಗಿಸ್ಲಾ?"

ಮೀಟರ್ ನಡುವೆ ಬಾಯಿ ಹಾಕಿದ. "ಮೇಸ್ತ್ರಿ, ನೀವು ಬೋರ್ಡಿನ ಹತ್ರ ಇರ್ತಿದ್ರಿ. ಈ ಕಡೆ ಸಾಕೆಟ್ಟು ಕೂರಿಸ್ತಿದ್ದದ್ದು ಅಮ್ಮ ಅಲ್ವಾ? ನನಗೇ ಸ್ಕ್ರೂ ಹಿಡಿಯೋದು ಹೇಳಿಕೊಟ್ಟಿದ್ದು ಅವರು. ಅವರನ್ನೇ ಕೇಳಿ."

ವೈರ್‌ಮನ್‌ನ ಹೆಂಡತಿ ಮೆಟ್ಟಿಲ ಕೆಳಗಿನ ಓಣಿಯಲ್ಲಿ ಕೂತಿದ್ದಳು. ಅವಳ ಹೊಲಿಗೆ ಮಶೀನು ಮೂರು ವರ್ಷದಿಂದ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗಿತ್ತು. ಹಿಂದಿನ ದಿನ ಡ್ರೈಯರ್ ಹೊತ್ತು ತಂದವರು ಅದನ್ನು ಎತ್ತಿ ಓಣಿಯಲ್ಲಿಟ್ಟಿದ್ದರು. ಎಲ್ಲಿಡಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಅಲ್ಲಿ ಹಗಲಿನಲ್ಲೂ ದೀಪ ಬೇಕು. ಅವಳು ಯಾರದೋ ಶಾಲಾ ಅಂಗಿಯ ಕಾಲರು ಬಿಚ್ಚುತ್ತಿದ್ದಳು.

"ಏನೇ, ಆ ಕೋಣೆಗೆ ಎಷ್ಟು ತಂತಿ ಬಂದಿದ್ವು?" ಅವನು ಅಲ್ಲಿಂದಲೇ ಕೂಗಿದ.

ಅವಳು ಹಲ್ಲಲ್ಲಿ ದಾರ ಕತ್ತರಿಸಿದಳು.

"ಮೂರು."

"ಸರಿಯಾಗಿ ನೆನಪು ಮಾಡ್ಕೋ."

"ಮೂರೇ. ಬಂದದ್ದನ್ನ ಬಿಗಿದೆ."

ಮಗ ನಕ್ಕುಬಿಟ್ಟ. ಅದು ಸಂತೋಷದ ನಗುವಲ್ಲ. "ಸಾಕಾ ಅಪ್ಪ?"

ಮೀಟರ್ ಚೀಲ ಕಟ್ಟಿಕೊಂಡ. ಹೋಗುವಾಗ ಬಾಗಿಲಲ್ಲಿ ಮೆಲ್ಲಗೆ, "ವಯಸ್ಸಾಯ್ತಲ್ಲ ಮೇಸ್ತ್ರಿ, ಬಿಡಿ" ಎಂದ. ಬೈದಿದ್ದರೆ ವೈರ್‌ಮನ್‌ಗೆ ಅಷ್ಟು ಉರಿಯುತ್ತಿರಲಿಲ್ಲ.

ಮುಂದಿನ ವಾರವೆಲ್ಲ ಮನೆ ತುಂಬ ಒದ್ದೆ ಶೀಟುಗಳೇ. ಕುರ್ಚಿಗಳ ಬೆನ್ನಿನ ಮೇಲೆ, ಬಾಗಿಲುಗಳ ಮೇಲೆ, ಮೆಟ್ಟಿಲ ಕಟಕಟೆಯ ಮೇಲೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಗಳ ಮೇಲೆ. ಊಟಕ್ಕೆ ಕೂರಬೇಕಾದರೆ ಎರಡು ಶೀಟು ಸರಿಸಬೇಕು. ಬ್ರೆಡ್ಡಿಗೂ ಸೋಪಿನ ವಾಸನೆ. ಸೊಸೆ ಒಲೆಯ ಪಕ್ಕದಲ್ಲಿ ನಿಂತು ಒಂದೊಂದೇ ಶೀಟಿಗೆ ಇಸ್ತ್ರಿ ಒತ್ತಿ ಒಣಗಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಹನ್ನೆರಡೋ ಹದಿನೈದೋ ಆಗುತ್ತಿತ್ತು. ಉಳಿದವನ್ನು ಹಸಿಯಾಗಿಯೇ ಮಡಚಿ ಕೊಂಡೊಯ್ದು ದೊಡ್ಡ ನರ್ಸಿನಿಂದ ಬೈಸಿಕೊಂಡು ಬರುತ್ತಿದ್ದಳು.

"ಬಾಣಂತಿ ಕೆಳಗೆ ಹಸಿ ಶೀಟು ಹಾಸ್ಲಾ ಅಂತ ಕೇಳಿದ್ರು" ಎಂದು ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಮ್ಮ ಹತ್ರ ಇದೆಯಾ ಮಾವ?"

"ತಂತಿ ಗೋಡೇಲಿದೆ. ಹುಡುಕ್ತಿದ್ದೀನಿ."

"ಅತ್ತೇನೇ ಇಲ್ಲ ಅಂದ್ರಲ್ಲ."

ಅತ್ತೆ ಅನ್ನಕ್ಕೆ ಹಾಲು ಸುರಿದುಕೊಂಡು ಕಲಸುತ್ತಿದ್ದಳು.

ವೈರ್‌ಮನ್‌ಗೆ ಅವಳ ಆ ಮಾತೇ ಅರ್ಥವಾಗಿರಲಿಲ್ಲ. ಕೆಲಸದ ವಿಷಯದಲ್ಲಿ ಅವಳ ಎಣಿಕೆ ತಪ್ಪಿದ್ದಿಲ್ಲ. ಮನೆ ಕಟ್ಟಿದಾಗ ಆಳು ಇಡುವ ಶಕ್ತಿಯಿರಲಿಲ್ಲ. ವೈರಿಂಗು ಮಾಡಿದ್ದು ಗಂಡ ಹೆಂಡತಿ ಇಬ್ಬರೇ. ಅವನು ಬೋರ್ಡಿನ ಕಡೆಯಿಂದ ತಂತಿ ತಳ್ಳುತ್ತಿದ್ದ, ಅವಳು ಆ ತುದಿಯಲ್ಲಿ ಹಿಡಿದು "ಬಂತು, ನಾಲ್ಕೂ ಬಂತು" ಎಂದು ಕೂಗುತ್ತಿದ್ದಳು. ಬಂದದ್ದನ್ನು ಸಾಕೆಟ್ಟಿಗೆ ಬಿಗಿದು, ಡಬ್ಬಿಯ ಸುತ್ತ ಗಾರೆಯನ್ನೂ ತಾನೇ ಮೆತ್ತುತ್ತಿದ್ದಳು. ಹಿಂದಿನ ಕೋಣೆಗೆ ಬರುವ ಹೊತ್ತಿಗೆ ಇಬ್ಬರಿಗೂ ಮಾತು ನಿಂತುಹೋಗಿತ್ತು. ನಲವತ್ತು ದಿನ ಮಾತಿಲ್ಲ. ಆ ಕೋಣೆಯ ತಂತಿ ಬಂದಾಗ ಅವಳು ಕೂಗಲಿಲ್ಲ, ಇಕ್ಕಳದಿಂದ ಪೈಪಿಗೆ ಒಂದು ಸಲ ಟಣ್ ಎಂದು ಹೊಡೆದಳು. ಬಂತು ಎಂದು ಅವನು ತಿಳಿದುಕೊಂಡ. ಎಷ್ಟು ಎಂದು ಕೇಳಬೇಕಾದರೆ ಅವನು ಮೊದಲು ಮಾತಾಡಬೇಕಿತ್ತು.

ಜಗಳ ಏತಕ್ಕೆ ಎಂಬುದು ಅವನಿಗೆ ಮರೆತಿರಲಿಲ್ಲ. ನಕ್ಷೆ ಬರೆಯುವಾಗ ಅದು ಅವಳ ಹೊಲಿಗೆ ಕೋಣೆಯಾಗಿತ್ತು. ಗಿರಾಕಿಗಳು ಬರಲು ಬೀದಿ ಕಡೆಗೊಂದು ಬಾಗಿಲನ್ನೂ ಬರೆದಿದ್ದ. ಅಡಿಪಾಯ ಹಾಕಿದ ಮೇಲೆ ಬಾಗಿಲನ್ನು ಅಳಿಸಿ, ತನ್ನ ಸಾಮಾನು ಇಡುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಎಂದು ಬದಲಾಯಿಸಿದ. ವೈರಿಂಗಿನ ನಡುವೆ ಅವಳು ಕೇಳಿದ್ದಕ್ಕೆ, ಮನೆಯಲ್ಲಿ ಕೂತು ಗುಂಡಿ ಹಚ್ಚೋಕೆ ಒಂದು ಕೋಣೆ ಬೇಕಾ ಎಂದಿದ್ದ. ಹಾಗೆಂದು ಎಲ್ಲರೂ ಅನ್ನುತ್ತಾರೆ, ಅದೇನು ದೊಡ್ಡ ಮಾತಲ್ಲ ಎಂದು ಅವನು ಈಗಲೂ ಅಂದುಕೊಂಡಿದ್ದ.

ಎರಡನೆಯ ವಾರ ಅವನು ಹಾಲು ತರಲು ಹೋಗಿ ಬಂದಾಗ ಹಿಂದಿನ ಕೋಣೆಯಿಂದ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಗಾಜಿನ ಬಾಗಿಲ ಹಿಂದೆ ಬಿಳಿ ಬಟ್ಟೆಗಳು ಉರುಳುತ್ತಿದ್ದವು. ಮಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸೊಸೆ ನೆಲದ ಮೇಲೆ ಕೂತು ಬಿಸಿ ಶೀಟು ಮಡಚುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾಗಿತ್ತು. ಮಶೀನಿನ ಬೆನ್ನಿನಿಂದ ಗೋಡೆಗೆ ಹೊಸ ವೈರು ಹೋಗಿತ್ತು. ಮೂರು ಕಾಲಿನದು.

"ಯಾರು ಹಾಕಿದ್ದು?"

"ನಾನೇ. ಅಂಗಡಿಯವನು ಹೇಳಿಕೊಟ್ಟ. ಮೂರು ಸ್ಕ್ರೂ, ಒಂದು ಪಟ್ಟಿ. ಇಷ್ಟಕ್ಕೆ ಎರಡು ವಾರ ಕುಣಿಸಿದ್ರಿ."

"ತೆಗಿ."

"ಅಪ್ಪ, ಸುಮ್ನೆ ಹಾಲು ಒಳಗಿಡಿ."

"ತೆಗಿ ಅಂದೆ!"

"ತೆಗೆಯಲ್ಲ!" ಎಂದಳು ಸೊಸೆ, ಎದ್ದು ನಿಂತು. "ಇನ್ನೂ ಇಪ್ಪತ್ತು ಶೀಟಿವೆ."

ಅವನು ಹಾಲನ್ನು ಮಶೀನಿನ ಮೇಲಿಟ್ಟ. ಗೋಡೆಯಿಂದ ಪ್ಲಗ್ಗು ಕಿತ್ತ. ಕಿಟಕಿಯ ಕಟ್ಟೆಯ ಮೇಲಿದ್ದ ಇಕ್ಕಳ ತೆಗೆದುಕೊಂಡು, ಹೊಸ ವೈರನ್ನು ಮೊಣಕಾಲಿಗೆ ಅದುಮಿ ಹಿಡಿದು ಕಚ್ಚಿಸಿದ. ದಪ್ಪ ವೈರು, ಒಂದೇ ಸಲಕ್ಕೆ ತುಂಡಾಗಲಿಲ್ಲ. ಮೂರು ಸಲ ಕಚ್ಚಿಸಬೇಕಾಯಿತು. ಆ ಮೂರು ಸಲವೂ ಯಾರೂ ಅವನನ್ನು ತಡೆಯಲಿಲ್ಲ, ಅವನು ನಿಜಕ್ಕೂ ಹಾಗೆ ಮಾಡುತ್ತಾನೆಂದು ಯಾರಿಗೂ ನಂಬಿಕೆ ಬರಲಿಲ್ಲ.

ಗಾಜಿನ ಹಿಂದೆ ಉರುಳೆ ಆಗಲೇ ನಿಂತಿತ್ತು.

"ಕತ್ತರಿಸಿಬಿಟ್ರಲ್ಲ" ಎಂದಳು ಸೊಸೆ. ದನಿ ಮೊದಲು ಸಣ್ಣದಾಗಿತ್ತು. "ಕತ್ತರಿಸಿಬಿಟ್ರಲ್ಲ! ನನ್ನ ಕೈ ಕತ್ತರಿಸಿದ್ರೂ ಇಷ್ಟು... ನಾನು ನಿಮಗೇನು ಮಾಡಿದ್ದೆ ಮಾವ? ನಿಮ್ಮ ಬಟ್ಟೆ ಒಗೆದೆ, ನಿಮ್ಮ ಕಾಲಿಗೆ ಪಟ್ಟಿ ಕಟ್ಟಿದೆ, ಎಂಟು ವರ್ಷ ಹೆಂಗಸರ ಹೇಲು ಉಚ್ಚೆ ಬಾಚಿ ಈ ಮನೆಗೆ ತಂದು ಸುರಿದೆ. ಈಗ ನನಗೆ ಅಂತ ಒಂದು ಕೆಲಸ ಹಿಡಿದ್ರೆ ನಿಮ್ಮ ತಂತಿಯ ಮರ್ಯಾದೆ ದೊಡ್ಡದಾಯ್ತಾ?"

"ಮರ್ಯಾದೆ ಅಲ್ಲ. ಒದ್ದೆ ಕೈಲಿ ಬಾಗಿಲು ತೆಗೀತೀಯಲ್ಲ ನೀನು..."

"ಮರ್ಯಾದೇನೇ!" ಮಗ ನಡುವೆ ಬಂದ. "ಮೂರು ಅಂತ ಒಪ್ಕೊಂಡ್ರೆ ನಿಮ್ಮ ಕಿರೀಟ ಬೀಳುತ್ತೆ. ಅಮ್ಮ ಹೇಳಿದ್ರು, ಮೀಟರ್ ಹೇಳಿದ, ಕಣ್ಣಿಗೆ ಕಾಣ್ತಿದೆ. ಆದ್ರೂ ನಾಲ್ಕು, ನಾಲ್ಕು, ನಾಲ್ಕು! ನೀವು ಹೇಳಿದ್ದಕ್ಕೆ ಹುಟ್ಟಿದಾಗಿಂದ ತಲೆ ಆಡಿಸ್ತಾ ಬಂದಿದ್ದೀನಿ. ಇನ್ನಿಲ್ಲ. ನನ್ನ ಹತ್ರ ಇನ್ನು ಮಾತಾಡ್ಬೇಡಿ."

"ನನ್ನ ಮನೇಲಿ ನನಗೇ..."

"ಹ್ಞಾ, ನಿಮ್ಮ ಮನೆ. ಗೋಡೆಗೆ ಹೆಸರು ಕೆತ್ತಿಸ್ಕೊಳ್ಳಿ."

ಓಣಿಯಲ್ಲಿ ಹೊಲಿಗೆ ಮಶೀನಿನ ಸದ್ದು ನಿಂತಿತ್ತು. ಅವನ ಹೆಂಡತಿ ಬಾಗಿಲಲ್ಲಿ ಬಂದು ನಿಂತು, ತುಂಡಾದ ವೈರನ್ನೂ ಗಂಡನ ಕೈಯ ಇಕ್ಕಳವನ್ನೂ ನೋಡಿದಳು. ಆಮೇಲೆ ಮಶೀನಿನ ಮೇಲಿದ್ದ ಹಾಲನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಅವತ್ತಿನಿಂದ ಸೊಸೆ ಅವನಿಗೆ ಊಟ ಬಡಿಸಲಿಲ್ಲ. ಪಾತ್ರೆಗಳನ್ನು ಮೇಜಿನ ನಡುವೆ ಇಟ್ಟು, "ಚೂಟಿ, ಊಟ ಇದೆ ಅಂತ ಹೇಳು" ಎನ್ನುತ್ತಿದ್ದಳು, ಅವನು ಎರಡು ಮಾರು ದೂರದಲ್ಲಿದ್ದರೂ. ಚೂಟಿ "ತಾತ, ಊಟ ಇದೆ ಅಂತೆ" ಎನ್ನುವಳು. ಅವನು "ಬಂದೆ ಅಂತ ಹೇಳು" ಎನ್ನುವನು. ಒಂದು ದಿನ ಚೂಟಿ, "ನನಗೆ ಇದಕ್ಕೆ ಸಂಬಳ ಕೊಡ್ತೀರಾ?" ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡಳು. ಒಗೆಯಲು ಹಾಕಿದ ಅವನ ಅಂಗಿಗಳು ಬುಟ್ಟಿಯ ತಳದಲ್ಲೇ ಉಳಿದವು. ಅವನೇ ಒಗೆದುಕೊಂಡ; ಹಗ್ಗದಲ್ಲಿ ಜಾಗವಿರಲಿಲ್ಲ, ಹಸಿ ಅಂಗಿಯನ್ನೇ ಹಾಕಿಕೊಂಡು ತಿರುಗಿ ಕೆಮ್ಮು ಬರಿಸಿಕೊಂಡ.

ಮೂರನೆಯ ವಾರ ಆಸ್ಪತ್ರೆಯಿಂದ ನಲವತ್ತರ ಬದಲು ಇಪ್ಪತ್ತು ಶೀಟು ಬಂದವು. ಉಳಿದ ಇಪ್ಪತ್ತು ಪೇಟೆಯ ದೊಡ್ಡ ಲಾಂಡ್ರಿಗೆ ಹೋಗುತ್ತವಂತೆ. ತಿಂಗಳ ಕೊನೆಯ ತನಕ ನೋಡಿ, ಹೀಗೇ ಆದರೆ ಎಲ್ಲವನ್ನೂ ಅವರಿಗೇ ಕೊಡುತ್ತಾರಂತೆ. ಸೊಸೆ ಅದನ್ನು ಹೇಳಿದ್ದು ಗಂಡನಿಗೆ, ಆದರೆ ಕೇಳಿಸಿದ್ದು ಇಡೀ ಮನೆಗೆ.

"ಆಯಾ ಕೆಲಸಕ್ಕೆ ವಾಪಸ್ ಕರೀತಾರಾ ಕೇಳಿದೆ. ಬೇರೆಯವಳನ್ನ ತಗೊಂಡಿದ್ದಾರೆ."

ಮಗ ಚಮಚ ಕೆಳಗಿಟ್ಟ.

"ಅಪ್ಪ" ಎಂದ ಮಗ, ಇಷ್ಟು ದಿನದ ಮೇಲೆ ಮೊದಲ ಸಲ. "ಒಂದೇ ಒಂದು ಸಲ ಹೇಳಿಬಿಡಿ. ತಪ್ಪಾಯ್ತು, ಮೂರೇ ಹಾಕಿದ್ದು ಅಂತ. ನಾಳೆ ನಾನು ಇನ್ನೊಂದು ವೈರ್ ತರ್ತೀನಿ."

ವೈರ್‌ಮನ್ ಹೆಂಡತಿಯನ್ನು ನೋಡಿದ. ಅವಳು ಮೊಮ್ಮಗಳ ತಟ್ಟೆಯಲ್ಲಿ ಮೊಟ್ಟೆ ಬಿಡಿಸುತ್ತಿದ್ದಳು. ಸಿಪ್ಪೆಯನ್ನು ಉಗುರಿನಷ್ಟು ಉಗುರಿನಷ್ಟೇ ತೆಗೆಯುತ್ತಿದ್ದಳು.

"ನಾಳೆ ಭಾನುವಾರ" ಎಂದ ಅವನು. "ಸೋಮವಾರ ತಗೊಂಡು ಬಾ."

ಅದನ್ನೇ ಸೋಲೆಂದುಕೊಂಡು ಮಗ ಕೈ ತೊಳೆದ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅವನು ಹಿಂದಿನ ಕೋಣೆಯ ಕರೆಂಟು ಬಂದ್ ಮಾಡಿ, ಉಳಿ ಸುತ್ತಿಗೆ ತೆಗೆದುಕೊಂಡು ಗೋಡೆಯ ಮುಂದೆ ಕೂತ. ಡಬ್ಬಿಯೊಳಗೆ ಇಲ್ಲ, ಡಬ್ಬಿಯ ಹೊರಗೆ ನೋಡಿಯೇ ಇಲ್ಲ. ಸುತ್ತಲಿನ ಗಾರೆಯನ್ನು ಬೆರಳಿನಿಂದ ತಟ್ಟಿದ. ಮೂರು ಕಡೆ ಗಟ್ಟಿ. ಎಡಗಡೆ ಮೇಲ್ಮೂಲೆಯಲ್ಲಿ, ಪೈಪು ಡಬ್ಬಿಯನ್ನು ಸೇರುವಲ್ಲಿ, ಸದ್ದು ಬೇರೆ ಇತ್ತು. ಅಲ್ಲಿ ಉಳಿಯಿಟ್ಟು ಹೊಡೆದ. ಗಾರೆ ಹೆಂಚಿನಂತೆ ಎದ್ದು ಬಂತು. ಇಟ್ಟಿಗೆಯಲ್ಲಿ ಒಂದು ಸಣ್ಣ ಗೂಡು. ಗೂಡಿನಲ್ಲಿ, ಪೈಪಿನ ಬಾಯಿಂದ ಹಿಂದಕ್ಕೆ ಬಗ್ಗಿಸಿ ಮೂರು ಮಡಿಕೆ ಮಾಡಿ ಇಟ್ಟ ತಂತಿ.

ನಾಲ್ಕನೆಯದು.

ಅವನು "ಏಯ್!" ಎಂದು ಕೂಗಲು ಬಾಯಿ ತೆರೆದ. ಇಡೀ ಮನೆಯನ್ನು ಕರೆಯಬೇಕು, ಮೀಟರ್‌ನನ್ನು ಕರೆಸಬೇಕು, ಮಗನ ಕತ್ತು ಹಿಡಿದು ಇದರೊಳಗೆ ತೋರಿಸಬೇಕು. ಆಗ ತಂತಿಯ ತುದಿ ಕಂಡಿತು. ತುದಿಗೆ ದಾರ ಸುತ್ತಿತ್ತು. ಕೋಟಿನ ಗುಂಡಿ ಹಚ್ಚಿದ ಮೇಲೆ ಬುಡಕ್ಕೆ ಸುತ್ತುತ್ತಾರಲ್ಲ ಹಾಗೆ, ಒತ್ತೊತ್ತಾಗಿ, ಒಂದರ ಮೇಲೊಂದು ಬೀಳದಂತೆ, ಕೊನೆಗೆ ಗಂಟನ್ನು ಒಳಕ್ಕೆ ಎಳೆದು. ಅವಸರದಲ್ಲಿ ತುರುಕಿದ್ದಲ್ಲ. ಕೂತು, ಸಮಯ ಕೊಟ್ಟು, ಇನ್ನು ಇದು ಬೇಡ ಎಂದು ತೀರ್ಮಾನಿಸಿ ಮಾಡಿದ ಕೆಲಸ.

ಅವನು ಬಾಯಿ ಮುಚ್ಚಿದ. ಬ್ಲೇಡಿನಿಂದ ದಾರ ಕುಯ್ದು ಎಳೆದ. ಸುರುಳಿ ಸುರುಳಿಯಾಗಿ ಬಿಚ್ಚಿ ಬಂತು. ತಲೆಯೆತ್ತಿದಾಗ ಹೆಂಡತಿ ಬಾಗಿಲಲ್ಲಿದ್ದಳು. ಅವಳು ದಾರವನ್ನು ನೋಡಿದಳು, ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡದ್ದನ್ನೂ ನೋಡಿದಳು.

ಅಷ್ಟರಲ್ಲಿ ಸುತ್ತಿಗೆಯ ಸದ್ದಿಗೆ ಮಗ, ಸೊಸೆ, ಚೂಟಿ ಎಲ್ಲ ಓಡಿ ಬಂದರು.

"ಗೋಡೆ ಒಡೀತಿದ್ದೀರಾ?" ಎಂದು ಕೂಗಿದ ಮಗ, ತಂತಿಯನ್ನು ಕಂಡು ನಿಂತ.

"ನಾಲ್ಕು!" ಎಂದಳು ಚೂಟಿ. "ತಾತ ಹೇಳಿದ್ದು ನಿಜ, ನಾಲ್ಕು!"

"ಬೋರ್ಡಿನ ಹತ್ರ ಹೋಗಿ ಅರ್ಥಿಂಗ್ ತಂತಿಗಳನ್ನ ನೋಡು" ಎಂದ ವೈರ್‌ಮನ್ ಮಗನಿಗೆ. "ಇಲ್ಲಿಂದ ಎಳೀತೀನಿ."

ಮಗ ಹೋದ. ಇವನು ತಂತಿಯನ್ನು ಮೆಲ್ಲಗೆ ಜಗ್ಗಿದ. ಮನೆಯ ಆ ತುದಿಯಿಂದ ಸಿಟ್ಟಿನ ದನಿ ಬಂತು: "ಅಲುಗ್ತಿದೆ!"

ಸೊಸೆ ಮಾತ್ರ ಗೋಡೆಯ ಗೂಡನ್ನೇ ನೋಡುತ್ತಿದ್ದಳು. "ಇದು ತಾನಾಗೇ ಮಡಚಿಕೊಂಡಿಲ್ಲ ಮಾವ. ಯಾರೋ ಇಟ್ಟು ಮುಚ್ಚಿದ್ದಾರೆ."

"ನಾನೇ. ಡಬ್ಬೀಲಿ ಜಾಗ ಇರ್ಲಿಲ್ಲ, ಹಿಂದೆ ಮಡಚಿಟ್ಟೆ. ಮರೆತಿದ್ದೆ."

"ಒಲೆ ಹತ್ರ ಇದೇ ಅಳತೆ ಡಬ್ಬೀಲಿ ಜಾಗ ಇತ್ತಲ್ಲ?" ಅವಳು ತಿರುಗಿದಳು. "ಅತ್ತೆ, ಈ ಕಡೆ ಕೆಲಸ ಎಲ್ಲ ನಿಮ್ಮದು ಅಂತ ಮೀಟರ್ ಅಂದ್ರಲ್ಲ..."

"ನಾನೇ ಅಂದೆನಲ್ಲ!" ಅವನು ಎಷ್ಟು ಜೋರಾಗಿ ಕಿರುಚಿದನೆಂದರೆ ಚೂಟಿ ಅಮ್ಮನ ಹಿಂದೆ ಸರಿದಳು. "ನಾನೇ ಇಟ್ಟೆ, ನಾನೇ ಮುಚ್ಚಿದೆ, ನಾನೇ ಮರೆತೆ. ಬರೆದು ಕೊಡ್ಲಾ?"

ಮಗ ವಾಪಸ್ ಬಂದಿದ್ದ. "ಮರೆತ್ರಿ. ಮೂರು ವಾರ. ಅವಳ ಅರ್ಧ ಕೆಲಸ ಹೋಯ್ತು, ಒಂದು ವೈರು ತುಂಡಾಯ್ತು, ಮನೆ ಎಲ್ಲ ರಣರಂಗ ಆಯ್ತು, ನೀವು ಮರೆತ್ರಿ. ಅಪ್ಪ, ನೀವು ತಪ್ಪು ಲೆಕ್ಕ ಹಾಕಿದ್ರಿ ಅಂತ ಅಂದ್ಕೊಂಡಿದ್ದಾಗಲೇ ಚೆನ್ನಾಗಿತ್ತು."

"ನಾನು ಆಸ್ಪತ್ರೇಲಿ ತಲೆ ತಗ್ಗಿಸಿ ನಿಂತಾಗ ಇದು ಇಲ್ಲೇ ಇತ್ತು" ಎಂದಳು ಸೊಸೆ, ಯಾರಿಗೂ ಅಲ್ಲ ಎಂಬಂತೆ. "ಒಂದು ಗೇಣು ಆಚೆ."

ಅವನು ಬೆನ್ನು ತಿರುಗಿಸಿ ಕೆಲಸ ಹಿಡಿದ. ಪೇಟೆಗೆ ಹೋಗಿ, ಭಾನುವಾರ ಮುಚ್ಚಿದ್ದ ಅಂಗಡಿಯ ಬಾಗಿಲು ತೆಗೆಸಿ ನಾಲ್ಕು ತೂತಿನ ಸಾಕೆಟ್ಟು ತಂದ. ತಂತಿಗಳ ತುದಿ ಹೆರೆದು, ಒಂದೊಂದನ್ನೂ ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದ. ಮಗ ಹಾಕಿದ್ದ ತಾಮ್ರದ ಪಟ್ಟಿಯನ್ನು ಮಶೀನಿನ ಬೆನ್ನಿನಿಂದ ಬಿಚ್ಚಿ, ಮಶೀನಿನ ಜೊತೆ ಬಂದಿದ್ದ ನಾಲ್ಕು ಕಾಲಿನ ವೈರನ್ನೇ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಮಶೀನು ಗುಂಯ್ ಎಂದಿತು. ಸೊಸೆ ಒಳಗೆ ಶೀಟು ತುಂಬಿ ಬಾಗಿಲು ಹಾಕಿದಳು. ಒಡೆದ ಗಾರೆಯ ಚೂರುಗಳನ್ನು ಗುಡಿಸಿ, ಮೊರದಲ್ಲಿ ತುಂಬಿ, ಅವನ ಕಾಲ ಬಳಿ ಇಟ್ಟು ಹೋದಳು.

ಸಂಜೆ ಹೆಂಡತಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವನು ಚಹಾಕ್ಕೆಂದು ಬಂದು ಕುರ್ಚಿ ಎಳೆದುಕೊಂಡ. ಹಿಂದಿನ ಕೋಣೆಯ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು.

"ಯಾಕೆ ಹೇಳಲಿಲ್ಲ?" ಎಂದಳು ಅವಳು.

"ಏನನ್ನ?"

"ದೊಡ್ಡ ಮನಸ್ಸು ಮಾಡಿದೆ ಅಂತ ಅಂದ್ಕೊಂಡಿದ್ದೀರಾ? ನನ್ನ ಕಾಪಾಡಿದೆ ಅಂತ? ನಾನು ಕೇಳಿದ್ನಾ ಕಾಪಾಡಿ ಅಂತ?"

"ನೀನು ಮೂರು ಅಂದೆ. ಎಲ್ಲರ ಎದುರಿಗೆ ಅಂದೆ. ನನ್ನ ಕೆಲಸಾನ ಸುಳ್ಳು ಮಾಡಿದೆ."

"ಅಂದೆ. ಬೇಕೂಂತಲೇ ಅಂದೆ. ನನ್ನ ಮಶೀನನ್ನ ಎತ್ತಿ ಕತ್ತಲಲ್ಲಿ ಇಟ್ರಲ್ಲ, ಅವತ್ತು ನೀವು ಅಲ್ಲೇ ನಿಂತಿದ್ರಿ. ಒಂದು ಮಾತು ಆಡಿದ್ರಾ?" ಚಾಕುವನ್ನು ಹಲಗೆಯ ಮೇಲಿಟ್ಟಳು. "ಪಾಪ ಆ ಹುಡುಗಿಗೆ ಹೊಡೆತ ಬಿತ್ತು. ಅದು ನನ್ನ ತಪ್ಪು, ಅದನ್ನ ಅವಳಿಗೆ ನಾನೇ ಹೇಳ್ತೀನಿ, ಇವತ್ತೇ ಹೇಳ್ತೀನಿ. ದಾರ ಸುತ್ತಿದ್ದು ನಾನೇ ಅಂತ ಹೇಳ್ತೀನಿ. ಯಾಕೆ ಅಂತ ಅವಳು ಕೇಳ್ತಾಳೆ. ಆಗ ಏನು ಹೇಳ್ಲಿ?"

ಅವನು ಖಾಲಿ ಲೋಟವನ್ನು ತಿರುಗಿಸಿದ.

"ನೀವು ಬಾಯಿ ಮುಚ್ಚಿದ್ದು ನನಗೋಸ್ಕರ ಅಲ್ಲ. ನಿಮ್ಮ ಮಗನ ಎದುರಿಗೆ ನಾನು ಆ ಕೋಣೆ ವಿಷಯ ಹೇಳಿಬಿಡ್ತೀನಿ ಅಂತ. ಅದೇ ತಾನೇ? ಹೋಗಲಿ, ಈಗ ಇಲ್ಲಿ ಯಾರೂ ಇಲ್ಲ. ನೀವೇ ಹೇಳಿ. ಯಾರಿಗೆ ಅಂತ ಬರೆದ ಕೋಣೆ ಅದು?"

ನೀರು ಕುದಿದು ಉಕ್ಕಿತು. ಅವಳು ಎದ್ದು ಒಲೆ ಆರಿಸಿದಳು, ಆದರೆ ಚಹಾ ಪುಡಿ ಹಾಕಲಿಲ್ಲ, ಅವನ ಕಡೆಗೇ ತಿರುಗಿ ನಿಂತಳು.

"ಆ ಸಾಕೆಟ್ಟಿನ ಸುತ್ತ ಗಾರೆ ಮೆತ್ತಬೇಕು" ಎಂದ. "ಸ್ವಲ್ಪ ಸಿಮೆಂಟು ಇದೆಯಾ ನೋಡ್ತೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು, ಸೊಸೆಯಿದ್ದ ಹಿಂದಿನ ಕೋಣೆಯ ಕಡೆಗೆ ನಡೆದಳು. ಅವಳು ಹೋದ ಮೇಲೂ ಅವನು ಕುರ್ಚಿಯಿಂದ ಏಳಲಿಲ್ಲ. ಆ ಕೋಣೆ ನಿನ್ನದಾಗಿತ್ತು ಎಂದು ಅವನು ಅವತ್ತು ಹೇಳಲಿಲ್ಲ, ಆಮೇಲೂ ಎಂದೂ ಹೇಳಲಿಲ್ಲ.